ಬೆಳೆಯುವ ಪಾದಕ್ಕೆ ಹೊಸ ಹೊದಿಕೆ

ಸೈಕಲ್ಲಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗಳಿಗೆ ಸಿಕ್ಕಿದ ದಿನ ಕಾಣುವುದು ತರಚು ಗಾಯ, ಒಂದಿಷ್ಟು ಊತ, ಅಷ್ಟೇ. ಎಕ್ಸ್-ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಗೊತ್ತಾದರೆ ಮನೆಯವರು ನಿರಾಳ. ಒಳಗೆ ಸಣ್ಣ ರಕ್ತನಾಳಗಳು ಜಜ್ಜಿಹೋಗಿದ್ದರೆ ಮಾತ್ರ ಕೆಲವೇ ದಿನಗಳಲ್ಲಿ ಹಿಮ್ಮಡಿಯ ಮೇಲಿನ ಚರ್ಮ ಕಪ್ಪಾಗಿ ಸಾಯುತ್ತದೆ. ಅದನ್ನು ತೆಗೆದರೆ ಕೆಳಗೆ ಬಿಳಿಯ ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಗಟ್ಟಿ ಪಟ್ಟಿ, ಬರಿದಾಗಿ ಕಾಣುತ್ತದೆ.

ತೊಡೆಯಿಂದ ತೆಳುಚರ್ಮ ತೆಗೆದು ಕಸಿ ಮಾಡಿದರೆ ಆಗದೆ? ಕಸಿಗೆ ತನ್ನದೇ ರಕ್ತನಾಳವಿಲ್ಲ. ಮೊದಲೆರಡು ದಿನ ಗಾಯದ ತಳದಿಂದ ಒಸರುವ ದ್ರವ ಹೀರಿಯೇ ಅದು ಬದುಕಬೇಕು. ಹೊರಪೊರೆ ಕಳಚಿದ ಮೂಳೆಯ ಮೇಲಾಗಲಿ ಸ್ನಾಯುರಜ್ಜುವಿನ ಮೇಲಾಗಲಿ ಅದು ಹಿಡಿಯುವುದು ಕಷ್ಟ. ಆಗ ಬೇಕಾಗುವುದು ಫ್ಲ್ಯಾಪ್: ಚರ್ಮ, ಅದರಡಿಯ ಕೊಬ್ಬು, ಅವಕ್ಕೆ ರಕ್ತ ತರುವ ನಾಳ, ಎಲ್ಲವನ್ನೂ ಒಟ್ಟಿಗೆ ಎತ್ತಿ ತರುವುದು.

ಹಿಮ್ಮಡಿಗೆ ಹೆಚ್ಚಾಗಿ ಬಳಸುವುದು ಸೂರಲ್ ಫ್ಲ್ಯಾಪ್. ಮೀನಖಂಡದ ಹಿಂಬದಿಯ ಚರ್ಮವನ್ನು ಬಿಡಿಸಿ, ಕೆಳಗಿನ ಬುಡವನ್ನು ಮಾತ್ರ ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಹೊಲಿಯುತ್ತಾರೆ. ಪಾದದ ಹೊರ ಅಂಚು ಜೋಮು ಹಿಡಿದಂತಾಗುವುದು ಇದಕ್ಕೆ ತೆರುವ ಬೆಲೆ. ಗಾಯ ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ಫ್ಲ್ಯಾಪನ್ನು ಪೂರ್ತಿ ಬೇರ್ಪಡಿಸಿ ತಂದು, ಒಂದೆರಡು ಮಿಲಿಮೀಟರ್ ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಕೂಡಿಸಬೇಕು. ಮಕ್ಕಳ ನಾಳ ಕಿರಿದು, ತಟ್ಟನೆ ಸಂಕುಚಿಸುತ್ತದೆ ಎಂಬ ಅಂಜಿಕೆ ಹಿಂದೆ ಬಹಳವಿತ್ತು. ಆದರೆ ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ ಯಾವುದೂ ಆ ನಾಳಗಳನ್ನು ಇನ್ನೂ ಕೆಡಿಸಿರುವುದಿಲ್ಲ. ಅನುಭವಿ ಕೈಗಳಲ್ಲಿ ಅವು ಚೆನ್ನಾಗಿಯೇ ಕೂಡಿಕೊಳ್ಳುತ್ತವೆ.

ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಫ್ಲ್ಯಾಪನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಬಿಳಿಚಿ ತಣ್ಣಗಾಗಿದ್ದರೆ ರಕ್ತ ಒಳಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದ್ದರೆ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಮಗುವನ್ನು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯಬೇಕಾಗಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮುಂದಿನ ವರ್ಷಗಳು. ಕೀಲಿನ ಮೇಲೆ ಹಾಕಿದ ತೆಳು ಕಸಿ ಸುಕ್ಕುಗಟ್ಟಿ, ಬೆಳೆಯುವ ಪಾದವನ್ನು ಒಂದು ಕಡೆಗೆ ಎಳೆಯಬಹುದು. ಫ್ಲ್ಯಾಪ್ ಮೆತ್ತಗಿರುವುದರಿಂದ ಪಾದದೊಂದಿಗೆ ಹಿಗ್ಗುತ್ತದೆ, ಆದರೆ ಅದರ ದಪ್ಪ ಹಲವೊಮ್ಮೆ ಶೂಗೆ ಅಡ್ಡ ಬರುತ್ತದೆ. ಕೆಲವು ತಿಂಗಳ ನಂತರ ಕೊಬ್ಬು ತೆಗೆದು ತೆಳುವಾಗಿಸುವುದುಂಟು. ಅಂಗಾಲಿನ ಚರ್ಮಕ್ಕಂತೂ ಸರಿಸಾಟಿಯಿಲ್ಲ. ಬೇರೆಡೆಯಿಂದ ತಂದ ಫ್ಲ್ಯಾಪಿನಲ್ಲಿ ಸ್ಪರ್ಶ ಕಡಿಮೆ, ಶೂ ಉಜ್ಜಿ ಹುಣ್ಣಾದರೂ ಮಗುವಿಗೆ ತಿಳಿಯದು. ಆದ್ದರಿಂದ ಪ್ರತಿ ಸಂಜೆ ಶೂ ಕಳಚಿದ ಮೇಲೆ ಮನೆಯವರು ಪಾದವನ್ನು ತಿರುಗಿಸಿ ನೋಡಬೇಕು. ಪಾದ ಬೆಳೆದಂತೆ ಶೂವಿನ ಅಳತೆಯನ್ನೂ ಬದಲಿಸುತ್ತಿರಬೇಕು.