ಮೊದಲು ಊರು ಹೇಳಿ

ಬೆಂಗಳೂರಿನ ಕಾಕ್ಸ್ ಟೌನ್‌ನಿಂದ ಹಿರಿಯರೊಬ್ಬರು ತಮ್ಮ ಐರಿಷ್ ಪೂರ್ವಜರನ್ನು ಹುಡುಕುತ್ತ ನನ್ನ ಬಳಿ ಬಂದಿದ್ದರು. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ವಂಶವೃಕ್ಷ. ಮನೆತನ ಮರ್ಫಿ ಅಂತಿಟ್ಟುಕೊಳ್ಳಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಮದ್ರಾಸಿಗೆ ಬಂದ ಐರಿಷ್ ಸೈನಿಕನೊಬ್ಬ ಇವರ ಮುತ್ತಜ್ಜನ ಅಪ್ಪ.

‘ಅವನ ಅಪ್ಪನೂ ಸಿಕ್ಕಿಬಿಟ್ಟ ಸರ್! ಕಾರ್ಕ್ ಕೌಂಟಿಯ ಟೈದ್ ಪುಸ್ತಕದಲ್ಲಿ ಜಾನ್ ಮರ್ಫಿ ಅಂತ ಇದೆ.’

‘ಯಾವ ಟೌನ್‌ಲ್ಯಾಂಡ್, ಅಂದರೆ ಯಾವ ಊರು?’ ಎಂದೆ. ಅವರು ಸುಮ್ಮನಾದರು.

ಇದೇ ತಪ್ಪನ್ನು ಎಷ್ಟು ಸಲ ನೋಡಿದ್ದೇನೋ. ಮರ್ಫಿ ಐರ್ಲೆಂಡಿನಲ್ಲೇ ಎಲ್ಲಕ್ಕಿಂತ ಜಾಸ್ತಿ ಇರುವ ಮನೆತನದ ಹೆಸರು. ಟೈದ್ ಪುಸ್ತಕ ಅಂದರೆ 1823ರಿಂದ 1837ರವರೆಗೆ ಚರ್ಚ್ ತೆರಿಗೆಗಾಗಿ ಬರೆದ ಜಮೀನಿನ ಲೆಕ್ಕ. ಉಳುವವನ ಹೆಸರು, ಎಷ್ಟು ಜಮೀನು, ಎಷ್ಟು ತೆರಿಗೆ, ಅಷ್ಟೇ. ವಯಸ್ಸಿಲ್ಲ, ಹೆಂಡತಿ ಮಕ್ಕಳ ಹೆಸರಿಲ್ಲ. ಜಮೀನೇ ಇಲ್ಲದ ಕೂಲಿಯವನಂತೂ ಅದರಲ್ಲಿ ಬರುವುದೇ ಇಲ್ಲ. ಅಂಥ ಪುಸ್ತಕದಲ್ಲಿ ಬರೀ ಹೆಸರು ನೋಡಿ ‘ಇವನೇ ನಮ್ಮ ಅಜ್ಜ’ ಅಂದರೆ ಹೇಗೆ?

ಪಶ್ಚಿಮ ಐರ್ಲೆಂಡಿನ ಎಷ್ಟೋ ಕ್ಯಾಥೊಲಿಕ್ ಪ್ಯಾರಿಷ್‌ಗಳ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದೀಕ್ಷಾಸ್ನಾನದ ಪುಸ್ತಕ ಶುರುವಾಗುವುದೇ 1820ರ ನಂತರ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಜಮೀನಿನ ಕಾಗದ ಹಿಡಿಯಬೇಕು. ಜಮೀನು ಹಿಡಿಯಲು ಊರು ಗೊತ್ತಿರಬೇಕು. ಕೌಂಟಿ, ಅಂದರೆ ಜಿಲ್ಲೆ, ಸಾಲದು, ಪ್ಯಾರಿಷ್ ಕೂಡ ಸಾಲದು. ಟೌನ್‌ಲ್ಯಾಂಡ್ ಬೇಕು. ಹೆಸರು ಕೇಳಿ ಪಟ್ಟಣ ಅಂದುಕೊಳ್ಳಬೇಡಿ. ಅದು ಗಡಿ ಗುರುತಿಸಿದ ತುಂಡು ನೆಲ. ಕೆಲವದರಲ್ಲಿ ನಾಲ್ಕೇ ಮನೆ. ಅಂಥವು ಅಲ್ಲಿ 60,000ಕ್ಕೂ ಹೆಚ್ಚಿವೆ.

ಊರು ಸಿಕ್ಕಿತೋ, ಆಮೇಲೆ ಅಲ್ಲಿನ ಜಮೀನ್ದಾರ ಯಾರು ಅಂತ ನೋಡಿ ಅವನ ಎಸ್ಟೇಟ್ ಕಾಗದ ಹುಡುಕಬಹುದು. ನನಗೆ ಅಲ್ಲಿ ತುಂಬ ಇಷ್ಟವಾದದ್ದು ‘ಮೂರು ಜೀವದ ಗುತ್ತಿಗೆ’. ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವರು ಸಾಯುವವರೆಗೂ ಜಮೀನು ರೈತನದೇ. ಹಾಗಾಗಿ ಅವನು ತನ್ನ ಚಿಕ್ಕ ಮಕ್ಕಳ ಹೆಸರನ್ನೇ ಬರೆಸುತ್ತಿದ್ದ, ಎಷ್ಟೋ ಸಲ ವಯಸ್ಸಿನ ಸಮೇತ! ಯಾವ ಪಾದ್ರಿಯೂ ಬರೆದಿಡದ ಮಗು ಗುತ್ತಿಗೆ ಪತ್ರದಲ್ಲಿ ಉಳಿದಿರುತ್ತದೆ. ಎಲ್ಲ ರೈತರಿಗೂ ಇಂಥ ಗುತ್ತಿಗೆ ಇರಲಿಲ್ಲ ಅನ್ನುವುದನ್ನೂ ನೆನಪಿಡಿ.

‘1922ರಲ್ಲಿ ಎಲ್ಲ ಸುಟ್ಟುಹೋಯ್ತಲ್ವಾ?’ ಅಂತ ಕೇಳುತ್ತಾರೆ. ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟದ್ದು ನಿಜ. 1841, 1851ರ ಜನಗಣತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಆದರೆ 1909ರಲ್ಲಿ ವೃದ್ಧಾಪ್ಯ ವೇತನ ಬಂದಾಗ, 70 ತುಂಬಿದೆ ಅಂತ ತೋರಿಸಲು ಸಾವಿರಾರು ಮುದುಕರು ಅದೇ ಜನಗಣತಿಯನ್ನು ಹುಡುಕಿಸಿದ್ದರು. ಅಪ್ಪ ಅಮ್ಮನ ಹೆಸರು, ಟೌನ್‌ಲ್ಯಾಂಡ್ ಬರೆದ ಆ ಅರ್ಜಿಗಳು ಉಳಿದಿವೆ. ನಿಮ್ಮಜ್ಜ ಹಡಗು ಹತ್ತಿದ್ದರೂ ಅವನ ತಮ್ಮನ ಮಗಳು ಊರಲ್ಲೇ ಇದ್ದು ಇಂಥ ಅರ್ಜಿ ಹಾಕಿರಬಹುದು.

ಆ ಹಿರಿಯರಿಗೆ ಕಂಪನಿಯ ಸೈನಿಕರ ರಿಜಿಸ್ಟರಿನ ಪ್ರತಿ ತರಿಸಿಕೊಟ್ಟೆ. ಹುಟ್ಟಿದ ಜಾಗ ಟಿಪ್ಪರೆರಿ, ಕಾರ್ಕ್ ಅಲ್ಲವೇ ಅಲ್ಲ. ಪ್ಯಾರಿಷ್ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ, ಇನ್ನೂ ಬಿಡಿಸಬೇಕು. ಕಸುಬು ಕೂಲಿ. ಎತ್ತರ ಐದಡಿ ಆರಿಂಚು. ಅವರು ಆ ಸಾಲಿನ ಮೇಲೇ ಬೆರಳಿಟ್ಟು ತುಂಬ ಹೊತ್ತು ಕೂತಿದ್ದರು.

‘ನಮ್ಮಪ್ಪನೂ ಇಷ್ಟೇ ಇದ್ದರು ಸರ್’ ಎಂದರು.