ಹಗುರ ಬ್ರೌಸರ್ ಭಾರವಾದ ಕಥೆ

ಸಿಇಟಿ, ಕಾಲೇಜು ಸೀಟು ಎಂಬ ಗಲಾಟೆ ಶುರುವಾದರೆ ಮೈಸೂರಿನಲ್ಲಿ ಕಂಪ್ಯೂಟರ್ ಗೊತ್ತಿರುವವರನ್ನು ಹುಡುಕಿಕೊಂಡು ಒಂದು ಪ್ರಶ್ನೆ ಬಂದೇ ಬರುತ್ತದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ, ರ‍್ಯಾಮ್ 2 ಜಿಬಿ, ಮಗಳ ಅರ್ಜಿ ತುಂಬಬೇಕು. "ಬ್ರೌಸರ್ ತೆಗೆದ್ರೆ ಮೌಸೇ ಅಲ್ಲಾಡಲ್ಲ ಸಾರ್. ಹಗುರದ್ದು ಯಾವ್ದಾದ್ರೂ ಇದ್ರೆ ಹಾಕ್ಕೊಡಿ." ಮಂಡ್ಯದಲ್ಲಿ ಪಹಣಿ ಪ್ರಿಂಟ್ ತೆಗೆದುಕೊಡುವ ಜೆರಾಕ್ಸ್ ಅಂಗಡಿಯವರದೂ ಇದೇ ಗೋಳು.

ಹೆಸರು ಹೇಳುವುದು ಕಷ್ಟವಲ್ಲ. ಡಿಲ್ಲೋ ಇದೆ, ನೆಟ್‌ಸರ್ಫ್ ಇದೆ, ಫಾಲ್ಕನ್ ಇದೆ. ಎಲ್ಲವೂ ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು), ಕಾಸು ಕೊಡಬೇಕಿಲ್ಲ. ಆದರೆ ಡಿಲ್ಲೋ ಹಾಕಿಕೊಟ್ಟರೆ ಮಾರನೇ ದಿನವೇ ಫೋನ್ ಬರುತ್ತದೆ: "ಸ್ಪೀಡೇನೋ ಚೆನ್ನಾಗಿದೆ, ಲಾಗಿನ್ನೇ ಆಗ್ತಿಲ್ವಲ್ಲ." ಮೊದಲಿನ ದೂರೂ ನಿಜ, ಎರಡನೆಯದೂ ನಿಜ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆ ಬ್ರೌಸರನ್ನು ಆಡಿಕೊಳ್ಳುವ ಹಾಗಿಲ್ಲ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿದೆ. ಮೂವತ್ತು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಡೊಂಕಾಗುತ್ತಾ ಬಂದಿದೆ.

1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಆಗ ಕಡಿಮೆ ದುಡ್ಡಿಗೆ ಸಿಗುತ್ತಿದ್ದದ್ದು ಶೆಲ್ ಅಕೌಂಟ್. ಚಿತ್ರ ಇಲ್ಲ, ಮೌಸ್ ಇಲ್ಲ, ಬರೀ ಅಕ್ಷರ. ಅದರಲ್ಲಿ ವೆಬ್ ನೋಡಲು ಇದ್ದದ್ದು ಲಿಂಕ್ಸ್ (Lynx). ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಈ ಬ್ರೌಸರ್ ಇವತ್ತಿಗೂ ಬದುಕಿದೆ. ಹಗುರ ಬ್ರೌಸರ್ ಬೇಕು ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ಇದ್ದದ್ದೇ ಹಗುರದ್ದು. 1993ರ ಮೊಸಾಯಿಕ್ ಅಕ್ಷರದ ಪಕ್ಕದಲ್ಲೇ ಚಿತ್ರ ತೋರಿಸಿ ಜನರನ್ನು ಸೆಳೆಯಿತು. ಮರುವರ್ಷ ನೆಟ್‌ಸ್ಕೇಪ್ ಬಂತು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ, ಪುಟದೊಳಗೇ ಓಡುವ ಪ್ರೋಗ್ರಾಂ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಬರೆದರು. ಫಾರಂನಲ್ಲಿ ಖಾಲಿ ಬಿಟ್ಟ ಜಾಗ ಇದೆಯಾ ಎಂದು ನೋಡುವಂಥ ಸಣ್ಣ ಕೆಲಸಗಳಿಗೆ ಸಾಕು ಎಂಬಂತಿತ್ತು ಅದು. ಇವತ್ತು ಲಾಗಿನ್ ಆಗದೆ ಇರುವುದಕ್ಕೂ, ಮೌಸ್ ಅಲ್ಲಾಡದೆ ಇರುವುದಕ್ಕೂ ಜಾಸ್ತಿ ಸಲ ಅದೇ ಕಾರಣ.

1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಹುಟ್ಟಿದ ಮೊಜಿಲ್ಲಾ ಬ್ರೌಸರ್ ಜತೆಗೆ ಇಮೇಲ್, ಪುಟ ಬರೆಯುವ ಎಡಿಟರ್ ಎಲ್ಲ ಒಂದೇ ಗಂಟಿನಲ್ಲಿ ಬರುತ್ತಿತ್ತು. ಭಾರ ಎಂಬ ಗೊಣಗಾಟ ಶುರುವಾದದ್ದು ಆಗ. ಅದಕ್ಕೆ ಮೂರು ಕಡೆಯಿಂದ ಮೂರು ಉತ್ತರ ಬಂದವು. ಮೂರರ ಗತಿಯೂ ಬೇರೆ ಬೇರೆ.

ಒಂದು, ಫೀನಿಕ್ಸ್. 2002ರ ಸೆಪ್ಟೆಂಬರಿನಲ್ಲಿ ಮೊಜಿಲ್ಲಾದವರೇ ಕೆಲವರು ಇಮೇಲು, ಎಡಿಟರು ಎಲ್ಲ ಕಿತ್ತುಹಾಕಿ ಬರೀ ಬ್ರೌಸರ್ ಉಳಿಸಿಕೊಂಡರು. ಹೆಸರಿನ ತಕರಾರಿನಿಂದ ಫೀನಿಕ್ಸ್ ಹೋಗಿ ಫೈರ್‌ಬರ್ಡ್ ಆಯಿತು, ಅದಕ್ಕೂ ತಕರಾರು ಬಂದು ಫೈರ್‌ಫಾಕ್ಸ್ ಆಯಿತು. 2004ರ ನವೆಂಬರಿನಲ್ಲಿ 1.0 ಬಂತು. ಅಂದರೆ ಇವತ್ತು 'ಇದು ಭಾರ, ಬೇರೆ ಕೊಡಿ' ಎನ್ನುವ ಫೈರ್‌ಫಾಕ್ಸ್ ಹುಟ್ಟಿದ್ದೇ ಹಗುರ ಬ್ರೌಸರ್ ಆಗಿ!

ಇನ್ನೊಂದು, ವಿಂಡೋಸ್ ಬದಲು ಬಳಸುವ ಓಪನ್ ಸೋರ್ಸ್ ವ್ಯವಸ್ಥೆಯಾದ ಲಿನಕ್ಸಿನ ಕೆಡಿಇ ಬಳಗ ಕಟ್ಟಿದ ಕೆಎಚ್‌ಟಿಎಂಎಲ್ ಎಂಬ ಇಂಜಿನ್. ಪುಟದ ಕೋಡನ್ನು ಓದಿ ತೆರೆಯ ಮೇಲೆ ಬಿಡಿಸುವ ಭಾಗಕ್ಕೆ ಇಂಜಿನ್ ಎನ್ನುತ್ತಾರೆ. 2003ರ ಜನವರಿಯಲ್ಲಿ ಆಪಲ್ ತನ್ನ ಸಫಾರಿ ಬ್ರೌಸರಿಗೆ ಇದನ್ನೇ ಆರಿಸಿಕೊಂಡಿತು. ಆಪಲ್ ಕೊಟ್ಟ ಕಾರಣಗಳಲ್ಲಿ ಗಾತ್ರವೂ ಒಂದು: ಇಡೀ ಕೋಡ್ 1,40,000 ಸಾಲಿಗಿಂತ ಕಡಿಮೆ. ಅದು ಬೆಳೆದು ವೆಬ್‌ಕಿಟ್ ಆಯಿತು. ವೆಬ್‌ಕಿಟ್ ಮೇಲೆ ಗೂಗಲ್ 2008ರಲ್ಲಿ ಕ್ರೋಮ್ ಕಟ್ಟಿತು, 2013ರಲ್ಲಿ ಬೇರೆಯಾಗಿ ಬ್ಲಿಂಕ್ ಎಂದು ಹೆಸರಿಟ್ಟುಕೊಂಡಿತು. ಈಗ ಕ್ರೋಮಿಗೆ ಬುನಾದಿಯಾದ ಕ್ರೋಮಿಯಂ ಕೋಡನ್ನು ಕೋಟಿ ಸಾಲುಗಳ ಲೆಕ್ಕದಲ್ಲೇ ಹೇಳಬೇಕು. ಚಿಕ್ಕದು ಎಂದು ಆರಿಸಿಕೊಂಡ ಕೂಸೇ ಮುಂದೆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಾಯಿತು.

ಮೂರನೆಯದು ಡಿಲ್ಲೋ. ನನಗೆ ಅಚ್ಚುಮೆಚ್ಚು ಇದೇ. ಚಿಲಿ ದೇಶದ ಹೋರ್ಹೆ ಅರೆಯಾನೋ ಸಿದ್ 1999ರ ಡಿಸೆಂಬರಿನಲ್ಲಿ ಇದನ್ನು ಶುರು ಮಾಡಿದರು. ಹಳೇ ಯಂತ್ರ ಇರುವವರಿಗೂ, ಮೆಲ್ಲಗಿನ ಲೈನ್ ಇರುವವರಿಗೂ ವೆಬ್ ಸಿಗಬೇಕು ಎನ್ನುವುದು ಮೊದಲಿನಿಂದಲೂ ಈ ಯೋಜನೆಯ ಆಸೆ. ಬರೀ 50 ಎಂಬಿಯ ಡ್ಯಾಮ್ ಸ್ಮಾಲ್ ಲಿನಕ್ಸ್ ಒಳಗೂ ಡಿಲ್ಲೋಗೆ ಜಾಗ ಇತ್ತು. ಜಾವಾಸ್ಕ್ರಿಪ್ಟ್ ಅಂದೂ ಇರಲಿಲ್ಲ, ಇಂದೂ ಇಲ್ಲ. 2015ರ 3.0.5 ಆವೃತ್ತಿಯ ನಂತರ ಸದ್ದಡಗಿತು. ಯೋಜನೆಯ ಹಳೇ ವಿಳಾಸವೂ ಕೈತಪ್ಪಿತು. ಆ ವಿಳಾಸ ಈಗಲೂ ತೆರೆದುಕೊಳ್ಳುತ್ತದೆ, ಆದರೆ ಯೋಜನೆಯವರದಲ್ಲ. ಅಲ್ಲಿಂದ ಏನನ್ನೂ ಇಳಿಸಿಕೊಳ್ಳಬೇಡಿ. ಸೋರ್ಸ್ ಕೋಡ್ ಎಲ್ಲರ ಕೈಯಲ್ಲಿ ಇದ್ದದ್ದರಿಂದ ಬೇರೆಯವರು ಎತ್ತಿಕೊಂಡರು, 2024ರ ಮೇ ತಿಂಗಳಲ್ಲಿ 3.1 ಹೊರಬಂತು. ಕಂಪನಿಯೊಂದರ ಬೀಗದೊಳಗೆ ಇದ್ದಿದ್ದರೆ ಡಿಲ್ಲೋ ಕಥೆ 2015ಕ್ಕೇ ಮುಗಿಯುತ್ತಿತ್ತು.

ಈ ನಡುವೆ ನಮ್ಮ ಕಡೆ ಬೇರೆಯದೇ ಒದ್ದಾಟ ಇತ್ತು. ಬ್ರೌಸರ್ ಹಗುರವೋ ಭಾರವೋ ಎನ್ನುವುದಕ್ಕಿಂತ ಮೊದಲು ಅದರಲ್ಲಿ ಕನ್ನಡ ಕಾಣಬೇಕಲ್ಲ? 2000ದ ಆಸುಪಾಸಿನಲ್ಲಿ ಹಲವು ಕನ್ನಡ ತಾಣಗಳು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತ ಬಿಟ್ಟು ತಮ್ಮದೇ ಫಾಂಟ್ ಬಳಸುತ್ತಿದ್ದವು. ಅದನ್ನು ಪುಟದ ಜತೆಗೇ ಕಳಿಸುವ ಡೈನಮಿಕ್ ಫಾಂಟ್ ಉಪಾಯ ನಡೆಯುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. ಬೇರೆ ಬ್ರೌಸರಿನಲ್ಲಿ ತೆರೆದರೆ ಬರೀ ಕಾಗೆಕಾಲು ಗುಬ್ಬಿಕಾಲು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಸರಿ. ಆದರೆ ಕಂಟ್ರೋಲ್ ಪ್ಯಾನೆಲ್ಲಿನ ರೀಜನಲ್ ಸೆಟ್ಟಿಂಗಿಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎದುರು ಟಿಕ್ ಹಾಕಬೇಕು, ಅದು ವಿಂಡೋಸ್ ಸಿ.ಡಿ. ಕೇಳುತ್ತದೆ, ಸೈಬರ್ ಸೆಂಟರಿನಲ್ಲಿ ಆ ಸಿ.ಡಿ. ಯಾವ ಡ್ರಾಯರಿನಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಲಿನಕ್ಸಿನಲ್ಲೂ ಸುಖ ಇರಲಿಲ್ಲ. ಫೈರ್‌ಫಾಕ್ಸ್ 2ರವರೆಗೆ ಪ್ಯಾಂಗೋ ಎಂಬ ಅಕ್ಷರ ಜೋಡಿಸುವ ಲೈಬ್ರರಿಯನ್ನು ನಾವೇ ಆನ್ ಮಾಡಿಕೊಳ್ಳಬೇಕಿತ್ತು. 2008ರ ಫೈರ್‌ಫಾಕ್ಸ್ 3 ಬಂದ ಮೇಲೆ ಆ ತಾಪತ್ರಯ ತಪ್ಪಿತು. ಹಾಗಾಗಿ ಬ್ರೌಸರ್ ದಪ್ಪಗಾದದ್ದೆಲ್ಲ ಕೊಬ್ಬು ಎನ್ನಲಾರೆ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದಕ್ಕೂ ಒಂದಿಷ್ಟು ಕೋಡ್ ಬೇಕು.

ಭದ್ರತೆಯದೂ ಇದೇ ಲೆಕ್ಕ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾಯಿತು. ಒಂದು ತಾಣದ ಕೋಡ್ ಇನ್ನೊಂದು ತಾಣದ ಗುಟ್ಟನ್ನು ಮೆಮೊರಿಯಿಂದ ಕದ್ದು ನೋಡುವ ದಾರಿ ಅದು. ಅದನ್ನು ತಡೆಯಲು ಕ್ರೋಮ್ ಒಂದೊಂದು ತಾಣವನ್ನೂ ಪ್ರತ್ಯೇಕ ಪ್ರಾಸೆಸ್ಸಿನಲ್ಲಿ, ಅಂದರೆ ಬೇರೆಯಾಗಿ ಓಡುವ ಪ್ರೋಗ್ರಾಂ ಒಳಗೆ, ಇಡತೊಡಗಿತು. ಇದಕ್ಕೆ ನೂರಕ್ಕೆ 10ರಿಂದ 13ರಷ್ಟು ಮೆಮೊರಿ ಜಾಸ್ತಿ ಬೇಕು ಎಂದು ಗೂಗಲ್ ತಾನೇ ಹೇಳಿತು. ಫೈರ್‌ಫಾಕ್ಸ್ 2021ರಲ್ಲಿ ಅದೇ ದಾರಿ ಹಿಡಿಯಿತು. ಈ ಭಾರವನ್ನು ನಾನು ಬೈಯುವುದಿಲ್ಲ. ಬೈಯಬೇಕಾದದ್ದು ಪುಟಗಳನ್ನು. 2010ರ ಕೊನೆಯಲ್ಲಿ ಸಾಮಾನ್ಯ ಪುಟವೊಂದು ಸುಮಾರು 500 ಕೆಬಿ ತೂಗುತ್ತಿತ್ತು, 2024ರಲ್ಲಿ 2,500 ಕೆಬಿ ದಾಟಿತ್ತು. ನಾಲ್ಕು ಸಾಲಿನ ಸುದ್ದಿ ಓದಲು ಇಷ್ಟು ಇಳಿಸಿಕೊಳ್ಳಬೇಕಾ? ಉಳಿದದ್ದೆಲ್ಲ ಜಾಹೀರಾತು, ತಾನಾಗಿ ಓಡುವ ವಿಡಿಯೋ, ನಾವು ಎಲ್ಲಿ ಒತ್ತುತ್ತೇವೆ ಎಂದು ಲೆಕ್ಕ ಇಡುವ ಸ್ಕ್ರಿಪ್ಟು.

ಹೀಗೆ ಪುಟ ಬೆಳೆದಂತೆ ಇಂಜಿನ್ ಕಟ್ಟುವುದು ನಾಲ್ಕಾರು ಜನರ ಕೈಲಾಗುವ ಕೆಲಸವಾಗಿ ಉಳಿಯಲಿಲ್ಲ. ಒಪೇರಾ 2013ರಲ್ಲಿ ಸ್ವಂತ ಇಂಜಿನ್ ಬಿಟ್ಟಿತು. ಮೈಕ್ರೋಸಾಫ್ಟಿನಂಥ ಮೈಕ್ರೋಸಾಫ್ಟೇ ಕೈಚೆಲ್ಲಿ 2020ರ ಜನವರಿಯಲ್ಲಿ ಕ್ರೋಮಿಯಂ ಮೇಲೆ ಕಟ್ಟಿದ ಎಡ್ಜ್ ಹೊರತಂದಿತು. 'ಹಗುರ' ಎಂಬ ಪಟ್ಟಿಗಳಲ್ಲಿ ಕಾಣುವ ಎಷ್ಟೋ ಬ್ರೌಸರುಗಳ ಗುಟ್ಟೂ ಇಷ್ಟೇ. ಫಾಲ್ಕನ್ನನ್ನೇ ನೋಡಿ. 2010ರಲ್ಲಿ ಕಪ್‌ಜಿಲ್ಲಾ ಎಂಬ ಹೆಸರಲ್ಲಿ ಹುಟ್ಟಿತು, ಆಗ ಒಳಗೆ ವೆಬ್‌ಕಿಟ್ ಇತ್ತು. ಈಗ ಇರುವುದು ಕ್ಯೂಟಿ ವೆಬ್‌ಇಂಜಿನ್, ಅಂದರೆ ಕ್ರೋಮಿಯಂ. ಮಂಡ್ಯ–ಮೈಸೂರು ಬಸ್ಸಿಗೆ ಹೊಸ ಬಾಡಿ ಕಟ್ಟಿಸಿದ ಹಾಗೆ: ಹೊರಗೆ ಚೊಕ್ಕ, ಚಾಸಿ ಅದೇ, ಕುಡಿಯುವ ಡೀಸೆಲ್ಲೂ ಹೆಚ್ಚುಕಡಿಮೆ ಅಷ್ಟೇ. 2 ಜಿಬಿ ಯಂತ್ರಕ್ಕೆ ಫಾಲ್ಕನ್ ಹಾಕಿ ಎನ್ನುವ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಹಳೇ ಲ್ಯಾಪ್‌ಟಾಪಿಗೆ ಏನು ಮಾಡುವುದು? ಎರಡು ಬ್ರೌಸರ್ ಇಡುವುದು. ಓದುವುದಕ್ಕೆ ಒಂದು, ಅರ್ಜಿ–ಬ್ಯಾಂಕಿಗೆ ಒಂದು.

ಓದುವುದಕ್ಕೆ ಡಿಲ್ಲೋ ಹಾಕಿದರೆ ಮೊದಲ ಬಾರಿ ತೆರೆದಾಗ ನಂಬಿಕೆಯೇ ಬರುವುದಿಲ್ಲ, ಒತ್ತಿದ ತಕ್ಷಣ ಕಿಟಕಿ ಎದುರಿಗೆ. ಪೂರ್ತಿ ಸೆಟ್ಟಿಂಗ್ ಮೆನು ಹುಡುಕಬೇಡಿ, ಇಲ್ಲ. ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಡಿಲ್ಲೋ ಎಂಬ ಅಡಗಿದ ಫೋಲ್ಡರ್ ಇರುತ್ತದೆ. ಅದರೊಳಗಿನ ಡಿಲ್ಲೋ‌-ಆರ್‌ಸಿ (dillorc) ಎಂಬ ಸಾದಾ ಪಠ್ಯ ಫೈಲನ್ನು (ಇಲ್ಲದಿದ್ದರೆ ಡಿಲ್ಲೋ ಜತೆ ಬರುವ ಮಾದರಿ ಪ್ರತಿಯನ್ನು ಅಲ್ಲಿಗೆ ಹಾಕಿಕೊಂಡು) ನೋಟ್‌ಪ್ಯಾಡಿನಂಥ ಎಡಿಟರಿನಲ್ಲಿ ತೆರೆದು ತಿದ್ದಬೇಕು. ಅಕ್ಷರ ದೊಡ್ಡದಾಗಬೇಕಾ, ಫಾಂಟ್ ಫ್ಯಾಕ್ಟರ್ ಸಾಲಿನಲ್ಲಿ 1.0 ಇದ್ದದ್ದನ್ನು 1.3 ಮಾಡಿ, ಸಾಲಿನ ಮುಂದೆ # ಗುರುತಿದ್ದರೆ ಅಳಿಸಿ. ಚಿತ್ರ ಬೇಡವಾ, ಲೋಡ್ ಇಮೇಜಸ್ ಸಾಲಿಗೆ ನೋ ಎಂದು ಬರೆಯಿರಿ. ಮೊದಲು ತೆರೆಯುವ ಪುಟ, ಹುಡುಕಾಟದ ತಾಣ ಎಲ್ಲಕ್ಕೂ ಒಂದೊಂದು ಸಾಲಿದೆ. ತಾಣಗಳು ನಮ್ಮ ಗುರುತಿಗೆ ಇಡುವ ಕುಕೀ ಯಾವುದನ್ನೂ ಅದು ತಾನಾಗಿ ಒಪ್ಪುವುದಿಲ್ಲ. ಪಕ್ಕದ ಕುಕೀಸ್-ಆರ್‌ಸಿ ಫೈಲಿನಲ್ಲಿ ನೀವು ಹೆಸರು ಬರೆದ ತಾಣಕ್ಕೆ ಮಾತ್ರ ಅವಕಾಶ. ಕೆಳಗೆ ಬಲಮೂಲೆಯಲ್ಲಿ ಸಣ್ಣ ಹುಳುವಿನ ಚಿತ್ರ, ಅದರ ಪಕ್ಕ ಒಂದು ಸಂಖ್ಯೆ. ಆ ಪುಟ ಬರೆದವರು ಮಾಡಿದ ಎಚ್‌ಟಿಎಂಎಲ್ ತಪ್ಪುಗಳ ಲೆಕ್ಕ ಅದು. ದೊಡ್ಡ ದೊಡ್ಡ ತಾಣಗಳಲ್ಲಿ ಆ ಸಂಖ್ಯೆ ನೋಡುವುದೇ ಒಂದು ಮಜಾ.

ಕನ್ನಡದ ಮಟ್ಟಿಗೆ ಡಿಲ್ಲೋದಲ್ಲಿ ಒಂದು ತೊಡಕಿದೆ. ಲಿನಕ್ಸಿನಲ್ಲಿ ಅದು ಅಕ್ಷರ ಬಿಡಿಸುವುದು ಎಫ್‌ಎಲ್‌ಟಿಕೆ 1.3 ಎಂಬ ಲೈಬ್ರರಿಯಿಂದ. ಆ ಲೈಬ್ರರಿಗೆ ಒತ್ತು ಕೂಡಿಸುವುದು ಗೊತ್ತಿಲ್ಲ. ಕನ್ನಡ ವಿಕಿಪೀಡಿಯ ತೆರೆದರೆ 'ಮಂಡ್ಯ' ಎನ್ನುವುದು 'ಮಂಡ್‌ಯ' ಎಂಬಂತೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಂಗ್ಲಿಷ್ ಕೈಪಿಡಿ, ಪಠ್ಯ ಓದುವವರಿಗೆ ತೊಂದರೆ ಇಲ್ಲ, ಕನ್ನಡ ಓದುವವರಿಗೆ ಕಣ್ಣುನೋವು. 2024ರಲ್ಲಿ ಬಂದ ಎಫ್‌ಎಲ್‌ಟಿಕೆ 1.4 ಪ್ಯಾಂಗೋ ಬಳಸಬಲ್ಲದು, ಡಿಲ್ಲೋ ಪೂರ್ತಿಯಾಗಿ ಅದಕ್ಕೆ ಹೊಂದಿಕೊಂಡರೆ ಈ ತೊಡಕು ನೀಗಬಹುದು. ಅಲ್ಲಿಯವರೆಗೆ ಕನ್ನಡ ಓದಲು ನೆಟ್‌ಸರ್ಫ್ ವಾಸಿ. 2002ರಲ್ಲಿ ಶುರುವಾದ ಇದಕ್ಕೂ ಸ್ವಂತ ಇಂಜಿನ್ ಇದೆ. ಲಿನಕ್ಸಿನಲ್ಲಿ ಕಿಟಕಿ, ಗುಂಡಿ ಬಿಡಿಸುವ ಜಿಟಿಕೆ ಲೈಬ್ರರಿ ಬಳಸುವ ಅದರ ಆವೃತ್ತಿ ಪ್ಯಾಂಗೋ ಮೂಲಕವೇ ಅಕ್ಷರ ಬಿಡಿಸುತ್ತದೆ. ಸೆಟ್ಟಿಂಗ್ ಮೆನುವೂ ಇದೆ. ಲೋಹಿತ್, ನವಿಲು, ಗುಬ್ಬಿ, ನೋಟೋ ಇವುಗಳಲ್ಲಿ ಒಂದು ಕನ್ನಡ ಫಾಂಟ್ ಮೊದಲೇ ಹಾಕಿಕೊಂಡಿರಿ.

ಅರ್ಜಿ ಮತ್ತು ಬ್ಯಾಂಕಿಗೆ ಫೈರ್‌ಫಾಕ್ಸೇ ಇರಲಿ, ಮೈ ಇಳಿಸಿ. ಎಲ್ಲಕ್ಕಿಂತ ದೊಡ್ಡ ಲಾಭ ಕೊಡುವುದು ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್, ಅದೂ ಓಪನ್ ಸೋರ್ಸೇ. ಜಾಹೀರಾತು ತಡೆಯುವುದು ಅದರ ಮಾಮೂಲಿ ಕೆಲಸ. ಅದರ ಸೆಟ್ಟಿಂಗಿನಲ್ಲಿ 50 ಕೆಬಿಗಿಂತ ದೊಡ್ಡ ಚಿತ್ರ, ವಿಡಿಯೋಗಳನ್ನು ತಡೆಹಿಡಿಯುವ ಸಾಲಿದೆ, ಟಿಕ್ ಹಾಕಿದರೆ ಬೇಕಾದದ್ದನ್ನು ಮಾತ್ರ ಒತ್ತಿ ನೋಡಬಹುದು. ಹೊರಗಿನ ಫಾಂಟ್ ತಡೆಯುವ ಆಯ್ಕೆಯೂ ಇದೆ. ಅದನ್ನು ಹಾಕಿದರೆ ಕೆಲವು ತಾಣಗಳಲ್ಲಿ ಗುಂಡಿಗಳ ಮೇಲಿನ ಚಿಹ್ನೆ ಮಾಯವಾಗಿ ಚೌಕ ಕಾಣುತ್ತದೆ, ಹೆದರಬೇಡಿ. ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಪ್ರಾಸೆಸಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಾವ ಪುಟ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ಸಾಲಾಗಿ ಕಾಣುತ್ತದೆ. ಪ್ರಾಸೆಸಸ್ ಬದಲು ಅನ್‌ಲೋಡ್ಸ್ ಎಂದು ಹೊಡೆದರೆ ಟ್ಯಾಬ್ ಮುಚ್ಚದೆಯೇ ಅದರ ಮೆಮೊರಿ ಬಿಡಿಸಬಹುದು. ಹಿಂದಿನ ಟ್ಯಾಬುಗಳನ್ನು ತಾನಾಗಿ ತೆರೆಯುವ ಅಭ್ಯಾಸವನ್ನು ಬಿಡಿಸಿಬಿಡಿ.

'ಹಳೇ ವರ್ಷನ್ ಹಾಕಿದ್ರೆ ಹಗುರವಾಗಿರುತ್ತೆ' ಎಂದು ಯಾರಾದರೂ ಪೆನ್‌ಡ್ರೈವ್ ಹಿಡಿದು ಬಂದರೆ ಮಾತ್ರ ಬೇಡ ಎನ್ನಿ. ವಿಂಡೋಸ್ 7ಕ್ಕೆ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಗೇ ನಿಂತಿತು. ಆಮೇಲೆ ಸಿಕ್ಕ ರಂಧ್ರಗಳಿಗೆ ಅದರಲ್ಲಿ ತೇಪೆ ಇಲ್ಲ, ಬ್ಯಾಂಕಿನ ಪಾಸ್‌ವರ್ಡ್ ಅದಕ್ಕೆ ಕೊಡುವಂಥದ್ದಲ್ಲ.

ಹೊಸ ಇಂಜಿನ್ ಯಾರೂ ಕಟ್ಟಲಾರರು ಎಂಬ ಮಾತು ಈಗ ಸ್ವಲ್ಪ ಅಲ್ಲಾಡುತ್ತಿದೆ. ಮೊಜಿಲ್ಲಾದಲ್ಲಿ ಹುಟ್ಟಿದ ಸರ್ವೋ 2020ರಲ್ಲಿ ಲಿನಕ್ಸ್ ಫೌಂಡೇಷನ್ ಆಸರೆಗೆ ಹೋಗಿ ಮತ್ತೆ ಚುರುಕಾಗಿದೆ. ಆಂಡ್ರಿಯಾಸ್ ಕ್ಲಿಂಗ್ ಶುರು ಮಾಡಿದ ಲೇಡಿಬರ್ಡ್‌ಗೆ 2024ರ ಜುಲೈಯಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಬೆನ್ನಿಗೆ ನಿಂತಿತು. ಎರಡೂ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಲೈಬ್ರರಿ ಬಳಸುವುದರಿಂದ 'ಮಂಡ್ಯ' ಒಡೆಯುವ ಭಯ ಕಡಿಮೆ. ಆದರೆ ಅವುಗಳ ಗುರಿ ಇವತ್ತಿನ ವೆಬ್ಬನ್ನು ಪೂರ್ತಿ ತೆರೆಯುವುದೇ ಹೊರತು ಹಗುರವಾಗಿರುವುದಲ್ಲ. 2 ಜಿಬಿ ಲ್ಯಾಪ್‌ಟಾಪಿನಲ್ಲಿ ಅವು ಹೇಗೆ ಓಡುತ್ತವೆ ಎನ್ನುವುದನ್ನು ಬಂದ ಮೇಲೆ ಹಾಕಿಯೇ ನೋಡಬೇಕು.