ಪದ ಪರಿಚಯ: ಮೈಕ್ರೋಅಲ್ಬುಮಿನೂರಿಯಾ

ಅಲ್ಬುಮಿನ್ ರಕ್ತದಲ್ಲಿರುವ ಒಂದು ಪ್ರೋಟೀನು. ಆರೋಗ್ಯವಂತ ಮೂತ್ರಪಿಂಡ ಅದನ್ನು ಸೋರಿಹೋಗಲು ಬಿಡುವುದು ತೀರಾ ಕಡಿಮೆ. ದಿನಕ್ಕೆ 30ರಿಂದ 300 ಮಿಲಿಗ್ರಾಂನಷ್ಟು ಮೂತ್ರದಲ್ಲಿ ಹೋಗತೊಡಗಿದರೆ ಅದೇ ಮೈಕ್ರೋಅಲ್ಬುಮಿನೂರಿಯಾ, ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ತಗುಲಿದೆ ಎನ್ನುವ ಮೊದಲ ಗುರುತುಗಳಲ್ಲಿ ಒಂದು. ಆಗ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ.

ಈ ಹಂತದಲ್ಲಿ ಒಳಗೇನು ನಡೆಯುತ್ತದೆ ಎಂಬುದನ್ನು ತಿಳಿಸಿಕೊಟ್ಟಿದ್ದು ಬಹುಪಾಲು ಪ್ರಯೋಗಾಲಯದ ಇಲಿಗಳು. ಸ್ಟ್ರೆಪ್ಟೊಜೊಟೋಸಿನ್ ಎಂಬ ರಾಸಾಯನಿಕವನ್ನು ಚುಚ್ಚಿದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ನಾಶವಾಗುತ್ತವೆ. ಕೆಲವೇ ದಿನಗಳಲ್ಲಿ ಇಲಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಮುಂದಿನದು ನನಗೆ ಅತ್ಯಂತ ಬೆರಗಿನ ಸಂಗತಿ: ಮೂತ್ರಪಿಂಡ ಸೊರಗುವುದಿಲ್ಲ, ಬದಲಿಗೆ ಹಿಗ್ಗುತ್ತದೆ, ಮೊದಲಿಗಿಂತ ಹೆಚ್ಚು ರಕ್ತವನ್ನು ಸೋಸುತ್ತದೆ. ಸೋಸುವ ಸೂಕ್ಷ್ಮ ನಾಳಗಳ ಗೊಂಚಲಿಗೆ ರಕ್ತ ತರುವ ನಾಳ ಅಗಲವಾಗುವುದರಿಂದ ಗೊಂಚಲಿನೊಳಗೆ ಒತ್ತಡ ಏರುತ್ತದೆ. ವಾರಗಳು ಕಳೆದಂತೆ ಗೋಡೆಗಳು ದಪ್ಪವಾಗಿ, ಅಲ್ಬುಮಿನ್ ಸೋರತೊಡಗುತ್ತದೆ.

1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಥ ಇಲಿಗಳಿಗೆ ರಕ್ತದೊತ್ತಡದ ಮಾತ್ರೆಯಾದ ಎನಲಾಪ್ರಿಲ್ ಕೊಟ್ಟರು. ರಕ್ತದ ಸಕ್ಕರೆ ಹೆಚ್ಚಿದ್ದಂತೆಯೇ ಇತ್ತು, ಆದರೂ ಗೊಂಚಲಿನೊಳಗಿನ ಒತ್ತಡ ಇಳಿದು ಸೋರಿಕೆ ತಗ್ಗಿತು. 1993ರಲ್ಲಿ ಅದೇ ಬಗೆಯ ಔಷಧಿಯಾದ ಕ್ಯಾಪ್ಟೊಪ್ರಿಲ್, ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆಯ) ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದ್ದ ರೋಗಿಗಳಲ್ಲೂ ಕುಸಿತವನ್ನು ನಿಧಾನಗೊಳಿಸುತ್ತದೆಂದು ತೋರಿತು. ಆದರೆ ಈ ಇಲಿಗಳಲ್ಲಿ ಸಾಮಾನ್ಯವಾಗಿ ಮನುಷ್ಯರಂತೆ ಮೂತ್ರಪಿಂಡ ಪೂರ್ತಿ ವಿಫಲವಾಗುವ ಹಂತ ಬರುವುದಿಲ್ಲ. ಆದ್ದರಿಂದ ರೋಗದ ಆರಂಭವನ್ನು ತಿಳಿಯಲು ಅವು ಚೆನ್ನಾಗಿ ನೆರವಾಗುತ್ತವೆ, ಕೊನೆಯನ್ನು ತಿಳಿಯಲು ಅಷ್ಟಾಗಿ ಅಲ್ಲ.

ನಮ್ಮ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ 'ಶುಗರ್ ಚೆಕ್' ಎಂದರೆ ಬೆರಳು ಚುಚ್ಚಿ ನೋಡುವ ಅಂಕಿಯಷ್ಟೇ ಎಂದು ಹಲವರು ನಂಬಿದ್ದಾರೆ. ಕಾಲು ಊದಿಕೊಂಡ ಮೇಲೆ ಬಳ್ಳಾರಿಗೋ ರಾಯಚೂರಿಗೋ ಓಡುವಷ್ಟರಲ್ಲಿ ಹಾನಿ ಬಹಳ ಮುಂದೆ ಹೋಗಿರಬಹುದು. ಬೇಕಾದದ್ದು ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ (ಮೂತ್ರದಲ್ಲಿ ಹೊರಹೋಗುವ, ಸ್ನಾಯುಗಳಿಂದ ಬರುವ ತ್ಯಾಜ್ಯ) ಅನುಪಾತದ ಪರೀಕ್ಷೆ. ಒಂದು ಸಲ ಕೊಡುವ ಸ್ವಲ್ಪ ಮೂತ್ರ ಸಾಕು. ಟೈಪ್ 2 (ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಬಗೆ) ಇರುವವರು ರೋಗ ಗೊತ್ತಾದ ದಿನದಿಂದಲೇ, ಟೈಪ್ 1 ಇರುವವರು ಐದು ವರ್ಷಗಳ ನಂತರ, ವರ್ಷಕ್ಕೊಮ್ಮೆ ಮಾಡಿಸಬೇಕು. ಜ್ವರ, ಮೂತ್ರದ ಸೋಂಕು, ಕಠಿಣ ದುಡಿಮೆ ಕೂಡ ಅಂಕಿಯನ್ನು ಏರಿಸುತ್ತವೆ. ಆದ್ದರಿಂದ ಮೂರರಿಂದ ಆರು ತಿಂಗಳೊಳಗಿನ ಮೂರು ಪರೀಕ್ಷೆಗಳಲ್ಲಿ ಎರಡು ಹೆಚ್ಚು ಬಂದರೆ ಮಾತ್ರ ವೈದ್ಯರು ಈ ಹೆಸರನ್ನು ಖಚಿತಪಡಿಸುತ್ತಾರೆ.